ಒಂದು ಕೀಲಿಕೈ, ನೂರು ಬಾಗಿಲು

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದಾಗ ರಕ್ತದೊತ್ತಡ, ಮಧುಮೇಹ, ಇಲ್ಲಿನ ಚಳಿಗಾಲದ ಕತ್ತಲೆಯಲ್ಲಿ ಕಾಡುವ ಡಿ ಜೀವಸತ್ತ್ವದ ಕೊರತೆ ಮುಂತಾದ ವಿಷಯಗಳನ್ನು ನಿರೀಕ್ಷಿಸುವುದು ಸಹಜ. ಅವುಗಳನ್ನು ಬದಿಗಿರಿಸಿ, ಗಣಕಜಾಲದಲ್ಲಿ ಮನುಷ್ಯನ ಗುರುತನ್ನು ದೃಢಪಡಿಸುವ ಬಗೆಯನ್ನು ನಾವು ಇಂದಿನ ವಿಷಯವಾಗಿ ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ವೈದ್ಯವೃತ್ತಿಯಲ್ಲಿರುವ ನಾವು ದಿನವೊಂದಕ್ಕೆ ಹತ್ತಾರು ಬಾರಿ ಯಂತ್ರಗಳ ಮುಂದೆ ನಮ್ಮ ಗುರುತನ್ನು ರುಜುವಾತುಪಡಿಸಬೇಕಾಗಿದೆ. ಆ ರುಜುವಾತು ಸಡಿಲವಾದರೆ ರೋಗಿಯ ಗುಟ್ಟು ಬೀದಿಗೆ ಬೀಳುತ್ತದೆ. ಇದು ಮೊದಲನೆಯ ಕಾರಣ. ಸ್ವೀಡನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಬ್ಯಾಂಕು, ತೆರಿಗೆ, ಮಕ್ಕಳ ಶಾಲೆ, ಔಷಧದ ಚೀಟಿ ಎಲ್ಲವೂ ಇಂದು ಒಂದೇ ಕೀಲಿಕೈಯಿಂದ ತೆರೆದುಕೊಳ್ಳುತ್ತವೆ. ಆ ಕೀಲಿಕೈಯ ಸ್ವಭಾವವನ್ನು ಅರಿಯದ ಹಿರಿಯರು ಒಂದೇ ದೂರವಾಣಿ ಕರೆಗೆ ಜೀವಮಾನದ ಉಳಿತಾಯವನ್ನು ಕಳೆದುಕೊಳ್ಳುವ ಅಪಾಯವಿದೆ. ಇದು ಎರಡನೆಯದು.

ವಿಷಯ ತಾಂತ್ರಿಕವಾದರೂ ಅದರ ತಿರುಳು ಸರಳ. ಗಣಿತದ ಗೊಡವೆಗೆ ಹೋಗದೆ ಅದನ್ನು ವಿವರಿಸಲು ಯತ್ನಿಸುತ್ತೇವೆ.

ಹೆಸರು, ಸಾಕ್ಷಿ, ಅಧಿಕಾರ

ರೋಗಿಯ ರಕ್ತವನ್ನು ಪರೀಕ್ಷೆಗೆ ತೆಗೆಯುವ ಮುನ್ನ ದಾದಿಯು ಹೆಸರನ್ನೂ ಜನ್ಮದಿನಾಂಕವನ್ನೂ ಕೇಳಿ ಮಣಿಕಟ್ಟಿನ ಪಟ್ಟಿಯೊಡನೆ ತಾಳೆ ನೋಡುವುದನ್ನು ತಾವು ಕಂಡಿರಬಹುದು. "ನೀವು ಸರೋಜಮ್ಮನವರೇ?" ಎಂದು ಕೇಳಬಾರದು, "ನಿಮ್ಮ ಹೆಸರೇನು?" ಎಂದು ಕೇಳಬೇಕು ಎಂಬುದು ನಾವು ಕಿರಿಯ ವೈದ್ಯರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಮಂಪರಿನಲ್ಲಿರುವ ರೋಗಿ ಯಾವ ಹೆಸರನ್ನು ಕೇಳಿದರೂ "ಹೌದು" ಎಂದುಬಿಡುವುದುಂಟು. ಹೆಸರು ಹೇಳುವುದು ಬೇರೆ, ಆ ಹೆಸರು ತನ್ನದೇ ಎಂಬುದಕ್ಕೆ ಸಾಕ್ಷಿ ಒದಗಿಸುವುದು ಬೇರೆ. ಸಾಕ್ಷಿ ಸಿದ್ಧವಾದ ಮೇಲೂ, ಆ ವ್ಯಕ್ತಿಗೆ ಯಾವ ಕೋಣೆಯೊಳಗೆ ಹೋಗಲು ಅಧಿಕಾರವಿದೆ ಎಂಬುದು ಮೂರನೆಯ ಪ್ರಶ್ನೆ. ಹೆಸರು, ಸಾಕ್ಷಿ, ಅಧಿಕಾರ ಈ ಮೂರನ್ನು ಒಂದರೊಡನೊಂದು ಬೆರೆಸದಿರುವುದೇ ಈ ಶಾಸ್ತ್ರದ ಅಡಿಪಾಯ.

ಸ್ವೀಡನ್ನಿಗೆ ಬಂದಿಳಿದ ಯಾವ ಕನ್ನಡಿಗನೂ ಮರೆಯಲಾರದ ಸಂಗತಿಯೊಂದಿದೆ: ವ್ಯಕ್ತಿಸಂಖ್ಯೆ, ಎಂದರೆ ಪರ್ಸೋನ್‌ನುಮ್ಮರ್. 1947ರಲ್ಲಿ ಜಾರಿಗೆ ಬಂದ ಈ ಸಂಖ್ಯೆಯಲ್ಲಿ ಮೊದಲು ಜನ್ಮದಿನಾಂಕ, ಆಮೇಲೆ ಮೂರು ಅಂಕಿಗಳ ಕ್ರಮಸಂಖ್ಯೆ, ಕೊನೆಗೆ ತಾಳೆಯ ಅಂಕಿ ಇರುತ್ತವೆ. ತಾಳೆಯ ಅಂಕಿ ಸೇರಿದ್ದು 1967ರಲ್ಲಿ. ಬರೆಯುವಾಗ ಆಗುವ ಕೈತಪ್ಪನ್ನು ಹಿಡಿಯುವುದು ಅದರ ಕೆಲಸ. ಸಂಖ್ಯೆಯನ್ನು ಹೇಳುತ್ತಿರುವವರು ಯಾರೆಂಬುದನ್ನು ಅದು ತಿಳಿಸಲಾರದು. ಈ ಸಂಖ್ಯೆ ಗುಟ್ಟಿನದೂ ಅಲ್ಲ. ಈ ದೇಶದಲ್ಲಿ ಬೇರೊಬ್ಬರ ವ್ಯಕ್ತಿಸಂಖ್ಯೆಯನ್ನು ತಿಳಿಯುವುದು ಕಷ್ಟದ ಕೆಲಸವಲ್ಲ. ಭಾರತದ 12 ಅಂಕಿಗಳ ಆಧಾರ್ ಸಂಖ್ಯೆಯೂ ತಾನೇ ಸಾಕ್ಷಿಯಾಗಲಾರದು. ಬೆರಳಚ್ಚು, ಕಣ್ಣಿನ ಪಾಪೆ ಅಥವಾ ದೂರವಾಣಿಗೆ ಬರುವ ಒಂದು ಬಾರಿಯ ಸಂಕೇತ ಜೊತೆಗೂಡಿದಾಗಲೇ ಅದು ರುಜುವಾತಾಗುತ್ತದೆ. ಆದುದರಿಂದ "ನಿಮ್ಮ ಸಂಖ್ಯೆ ನನಗೆ ಗೊತ್ತಿದೆ, ನಾನು ಬ್ಯಾಂಕಿನವನು" ಎಂದು ಯಾರಾದರೂ ದೂರವಾಣಿಯಲ್ಲಿ ಹೇಳಿದರೆ ಆ ಮಾತಿಗೆ ಸಾಕ್ಷಿಯ ಬೆಲೆ ಇಲ್ಲ. ಇದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ವಿನಂತಿ.

ಹಲವು ಪಾಸ್‌ವರ್ಡುಗಳ ಕಾಯಿಲೆ

ಗಣಕಗಳು ಆಸ್ಪತ್ರೆಯನ್ನು ಹೊಕ್ಕಾಗ ಒಂದೊಂದು ವಿಭಾಗ ಒಂದೊಂದು ವ್ಯವಸ್ಥೆಯನ್ನು ತಂದುಕೊಂಡಿತು. ರಕ್ತಪರೀಕ್ಷೆಗೊಂದು, ಕ್ಷಕಿರಣ ಚಿತ್ರಕ್ಕೊಂದು, ಔಷಧಕ್ಕೊಂದು, ಸರದಿಯ ಪಟ್ಟಿಗೊಂದು. ಪ್ರತಿಯೊಂದಕ್ಕೂ ಪ್ರತ್ಯೇಕ ಪಾಸ್‌ವರ್ಡ್. ಪರಿಣಾಮವನ್ನು ಊಹಿಸಬಹುದು. ನಾವು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಗಣಕದ ಪರದೆಯ ಅಂಚಿಗೆ ಹಳದಿ ಚೀಟಿಗಳಲ್ಲಿ ಪಾಸ್‌ವರ್ಡುಗಳನ್ನು ಅಂಟಿಸಿರುತ್ತಿದ್ದರು. ಬೆಳಿಗ್ಗೆ ಮೊದಲು ಬಂದವರು ಒಮ್ಮೆ ಪ್ರವೇಶಿಸಿದರೆ, ಸಂಜೆಯವರೆಗೂ ಇಡೀ ವಾರ್ಡಿನವರು ಅವರ ಹೆಸರಿನಲ್ಲಿಯೇ ಬರೆಯುತ್ತಿದ್ದುದೂ ಉಂಟು. ಇಂಥ ಕಡೆ ದಾಖಲೆಯಲ್ಲಿ ಒಬ್ಬ ವೈದ್ಯರು ಔಷಧ ಬರೆದಂತೆ ಕಂಡರೆ ಅದನ್ನು ಬರೆದವರು ನಿಜಕ್ಕೂ ಯಾರೆಂದು ಹೇಳಲಾಗದು. ಔಷಧದ ಪ್ರಮಾಣದಲ್ಲಿ ಸಂದೇಹ ಬಂದಾಗ ಯಾರನ್ನು ಕೇಳಬೇಕೆಂಬುದೇ ತಿಳಿಯದಿದ್ದರೆ ಕಷ್ಟಕ್ಕೀಡಾಗುವವನು ರೋಗಿ.

ಮನುಷ್ಯನ ನೆನಪಿಗೆ ಮಿತಿಯಿದೆ. ಇಪ್ಪತ್ತು ಪಾಸ್‌ವರ್ಡುಗಳನ್ನು ನೆನಪಿಡಿ ಎಂದರೆ ಆತ ಒಂದನ್ನೇ ಇಪ್ಪತ್ತು ಕಡೆ ಬಳಸುತ್ತಾನೆ, ಇಲ್ಲವೇ ಬರೆದಿಡುತ್ತಾನೆ. ಒಂದು ಕಡೆ ಕಳುವಾದರೆ ಇಪ್ಪತ್ತೂ ಕಡೆ ಕಳುವಾದಂತೆ. ಹಾಗಾದರೆ ಒಮ್ಮೆ ಮಾತ್ರ ಗಟ್ಟಿಯಾಗಿ ರುಜುವಾತುಪಡಿಸಿ, ಆಮೇಲೆ ಎಲ್ಲ ಬಾಗಿಲುಗಳೂ ಆ ರುಜುವಾತನ್ನೇ ನಂಬುವಂತೆ ಮಾಡಬಹುದೇ? ಈ ಪ್ರಶ್ನೆಗೆ ದೊರೆತ ಉತ್ತರವೇ ಏಕಪ್ರವೇಶ ಪದ್ಧತಿ, ಎಂದರೆ ಸಿಂಗಲ್ ಸೈನ್ ಆನ್.

ಮೂರು ತಲೆಯ ಕಾವಲುನಾಯಿ

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯು 1983ರಲ್ಲಿ ಡಿಜಿಟಲ್ ಮತ್ತು ಐ.ಬಿ.ಎಂ. ಕಂಪನಿಗಳ ನೆರವಿನಿಂದ ಅಥೀನಾ ಎಂಬ ಯೋಜನೆಯನ್ನು ಆರಂಭಿಸಿತು. ಸಾವಿರಾರು ವಿದ್ಯಾರ್ಥಿಗಳು, ಸಾರ್ವಜನಿಕ ಕೋಣೆಗಳಲ್ಲಿ ಇರಿಸಿದ ನೂರಾರು ಗಣಕಗಳು, ಅವನ್ನೆಲ್ಲ ಜೋಡಿಸುವ ತಂತಿಗಳು. ತಂತಿಯ ಮೇಲೆ ಹರಿಯುವುದನ್ನು ಕಿಡಿಗೇಡಿಯೊಬ್ಬ ಕದ್ದು ನೋಡಬಲ್ಲ. ಪಾಸ್‌ವರ್ಡು ಆ ತಂತಿಯಲ್ಲಿ ಹಾದರೆ ಅದು ಅವನ ಕೈಗೂ ಸಿಕ್ಕೀತು. ಆದ್ದರಿಂದ ಪಾಸ್‌ವರ್ಡನ್ನು ಜಾಲದಲ್ಲಿ ಕಳಿಸದೆಯೇ ಅದನ್ನು ಬಲ್ಲೆನೆಂದು ಸಾಬೀತುಪಡಿಸುವ ಉಪಾಯ ಬೇಕಾಯಿತು. ನೀಡಮ್ ಮತ್ತು ಶ್ರೋಡರ್ ಎಂಬಿಬ್ಬರು 1978ರಲ್ಲಿ ಪ್ರಕಟಿಸಿದ್ದ ವಿಧಾನವನ್ನು ಆಧರಿಸಿ ಸ್ಟೀವ್ ಮಿಲ್ಲರ್ ಮತ್ತು ಕ್ಲಿಫರ್ಡ್ ನ್ಯೂಮನ್ ಅವರು ರೂಪಿಸಿದ ವ್ಯವಸ್ಥೆಗೆ ಕರ್ಬರಾಸ್ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು.

ಅದು ಕೆಲಸ ಮಾಡುವ ಬಗೆಯನ್ನು ನಮ್ಮ ಕಡೆಯ ದೊಡ್ಡ ಯಾತ್ರಾಸ್ಥಳವೊಂದರ ಏರ್ಪಾಡಿಗೆ ಹೋಲಿಸಬಹುದು. ಯಾತ್ರಿಕನು ಮೊದಲು ಕಛೇರಿಗೆ ಹೋಗಿ ಹೆಸರು ನೋಂದಾಯಿಸುತ್ತಾನೆ. ಅಲ್ಲಿ ಅವನಿಗೆ ಆ ದಿನದ ಮಟ್ಟಿಗೆ ಒಂದು ಗುರುತಿನ ಚೀಟಿ ಸಿಗುತ್ತದೆ. ಅದನ್ನು ಸೇವೆಯ ಕೌಂಟರಿನಲ್ಲಿ ತೋರಿಸಿ ಅರ್ಚನೆಗೊಂದು, ಅಭಿಷೇಕಕ್ಕೊಂದು, ವಸತಿಗೊಂದು ಎಂದು ಬೇರೆಬೇರೆ ಚೀಟಿಗಳನ್ನು ಪಡೆಯುತ್ತಾನೆ. ಗರ್ಭಗುಡಿಯ ಬಳಿಯ ಅರ್ಚಕರು ಅವನ ಊರು, ಮನೆತನ ಯಾವುದನ್ನೂ ವಿಚಾರಿಸುವುದಿಲ್ಲ. ಕಛೇರಿಯ ಮೊಹರಿರುವ ಚೀಟಿಯನ್ನು ಮಾತ್ರ ನೋಡುತ್ತಾರೆ. ವಿಚಾರಣೆ ಒಮ್ಮೆ, ಸೇವೆ ಹಲವು.

ಕರ್ಬರಾಸ್‌ನಲ್ಲಿ ಆ ಕಛೇರಿಯೆಂದರೆ ಜಾಲದ ನಡುವೆ ಭದ್ರವಾಗಿ ಕಾಪಾಡಿದ ಒಂದು ಗಣಕ. ಬಳಕೆದಾರನು ತನ್ನ ಹೆಸರನ್ನು ತಿಳಿಸುತ್ತಾನೆ. ಕಛೇರಿಯು ಗುರುತಿನ ಚೀಟಿಯನ್ನು ಸಿದ್ಧಪಡಿಸಿ, ಅದರ ಜೊತೆಗೆ ಆ ಹೊತ್ತಿಗೆಂದೇ ಹೊಸದಾಗಿ ಮಾಡಿದ ಒಂದು ಕೀಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಬಳಕೆದಾರನ ಪಾಸ್‌ವರ್ಡಿನಿಂದ ಮಾತ್ರ ತೆರೆಯಬಹುದಾದ ಬೀಗವನ್ನು ಹಾಕಿ ಕಳಿಸುತ್ತದೆ. ಪೆಟ್ಟಿಗೆ ದಾರಿಯಲ್ಲಿ ಯಾರ ಕೈಗೆ ಸಿಕ್ಕರೂ ಅವರಿಗೆ ಅದು ತೆರೆಯದು. ನಿಜವಾದ ಒಡೆಯನ ಗಣಕ ಮಾತ್ರ, ಆತ ಕೀಲಿಮಣೆಯಲ್ಲಿ ಒತ್ತಿದ ಪಾಸ್‌ವರ್ಡಿನಿಂದ ಅದನ್ನು ಬಿಚ್ಚುತ್ತದೆ. ಪಾಸ್‌ವರ್ಡು ಅವನ ಗಣಕವನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ಮುಂದೆ ಬೇಕಾದ ಪ್ರತಿಯೊಂದು ಸೇವೆಗೂ, ಆ ಸೇವೆಯವರು ಮಾತ್ರ ತೆರೆಯಬಲ್ಲ ಪ್ರತ್ಯೇಕ ಚೀಟಿ ದೊರೆಯುತ್ತದೆ.

ಚೀಟಿಗೆ ಆಯುಷ್ಯವೂ ಗೊತ್ತಾಗಿರುತ್ತದೆ. ಸಾಮಾನ್ಯವಾಗಿ ಒಂದು ಕೆಲಸದ ದಿನದಷ್ಟು, ಎಂಟರಿಂದ ಹತ್ತು ಗಂಟೆ. ಚೀಟಿಯೊಡನೆ ಬಳಕೆದಾರನ ಗಣಕವು ಆ ಕ್ಷಣದ ಸಮಯವನ್ನೂ ಗೂಢಲಿಪಿಯಲ್ಲಿ ಬರೆದು ಕಳಿಸುತ್ತದೆ. ಕದ್ದ ಚೀಟಿಯನ್ನು ಸ್ವಲ್ಪ ಹೊತ್ತು ಕಳೆದು ಮತ್ತೊಬ್ಬನು ತಂದರೆ ಸಮಯ ತಾಳೆಯಾಗದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇದಕ್ಕಾಗಿ ಜಾಲದ ಎಲ್ಲ ಗಡಿಯಾರಗಳೂ ಹೆಚ್ಚೆಂದರೆ ಐದು ನಿಮಿಷಗಳ ವ್ಯತ್ಯಾಸದೊಳಗೆ ನಡೆಯಬೇಕೆಂಬುದು ರೂಢಿ.

ಕರ್ಬರಾಸ್‌ನ ಐದನೆಯ ಆವೃತ್ತಿ 1993ರಲ್ಲಿ ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ಮೈಕ್ರೋಸಾಫ್ಟ್ ಕಂಪನಿ 2000ದಲ್ಲಿ ತನ್ನ ವಿಂಡೋಸ್ ವ್ಯವಸ್ಥೆಗೆ ಅದನ್ನು ಅಳವಡಿಸಿತು. ತಮ್ಮಲ್ಲಿ ಅನೇಕರು ಬೆಳಿಗ್ಗೆ ಕಛೇರಿಯ ಗಣಕದಲ್ಲಿ ಒಮ್ಮೆ ಪಾಸ್‌ವರ್ಡು ಒತ್ತಿ, ದಿನವಿಡೀ ಕಡತಗಳನ್ನೂ ಮುದ್ರಣಯಂತ್ರವನ್ನೂ ಅಂಚೆಯನ್ನೂ ಮರುಪ್ರಶ್ನೆಯಿಲ್ಲದೆ ಬಳಸುತ್ತಿದ್ದರೆ, ಅದರ ಹಿಂದೆ ಈ ಕಾವಲುನಾಯಿಯೇ ಇರುವ ಸಂಭವ ಹೆಚ್ಚು.

ಅಶೋಕವನದ ಉಂಗುರ

ಈ ಪದ್ಧತಿಯಲ್ಲಿ ಬಳಕೆದಾರನೊಬ್ಬನೇ ಸಾಕ್ಷಿ ಕೊಡುವವನಲ್ಲ. ಸೇವೆಯ ಗಣಕವೂ, ಬಳಕೆದಾರನ ಗೂಢಲಿಪಿಯನ್ನು ಬಿಚ್ಚಿ ತಕ್ಕ ಮರುತ್ತರ ಕೊಡುವ ಮೂಲಕ, ತಾನು ಸಾಚಾ ಎಂಬುದನ್ನು ತೋರಿಸಬಹುದು. ಇದು ಪರಸ್ಪರ ದೃಢೀಕರಣ. ಇದರ ಅಗತ್ಯವನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾಮಾಯಣ ಕೇಳಿ ಬೆಳೆದವರು ನಾವು. ಅಶೋಕವನದಲ್ಲಿ ಸೀತೆ ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ಸನ್ಯಾಸಿಯ ವೇಷದಲ್ಲಿ ಬಂದವನಿಂದ ಒಮ್ಮೆ ಮೋಸಹೋದ ಆಕೆ, ಇವನೂ ಮಾಯಾರೂಪದ ರಾವಣನೇ ಇರಬಹುದೆಂದು ಶಂಕಿಸಿದಳು. ರಾಮನ ಹೆಸರಿನ ಉಂಗುರ ಆ ಶಂಕೆಯನ್ನು ನೀಗಿತು. ಮರಳಿ ಹೋಗುವ ದೂತನಿಗೆ ಆಕೆ ತನ್ನ ಚೂಡಾಮಣಿಯನ್ನು ಕೊಟ್ಟಳು. ಜೊತೆಗೆ ರಾಮನಿಗೂ ತನಗೂ ಮಾತ್ರ ತಿಳಿದಿದ್ದ ಕಾಕಾಸುರನ ಪ್ರಸಂಗವನ್ನು ಗುರುತಾಗಿ ಹೇಳಿಕಳಿಸಿದಳು. ಕೈಯಲ್ಲಿರುವ ಒಡವೆ ಒಂದು, ಮನಸ್ಸಿನಲ್ಲಿರುವ ಗುಟ್ಟು ಇನ್ನೊಂದು. ಇಂದಿನ ತಂತ್ರಜ್ಞರು ಎರಡು ಬಗೆಯ ಸಾಕ್ಷಿ ಒಟ್ಟಿಗೆ ಬೇಕೆನ್ನುವುದು ಇದನ್ನೇ: ಕಾರ್ಡು ಅಥವಾ ದೂರವಾಣಿಯಂತಹ ಒಂದು ವಸ್ತು, ಅದರೊಡನೆ ನೆನಪಿನಲ್ಲಿರುವ ಒಂದು ಸಂಕೇತ. ಎರಡನ್ನೂ ಒಟ್ಟಿಗೆ ಕದಿಯುವುದು ಕಷ್ಟ.

ಸ್ಟಾಕ್‌ಹೋಮಿನ ಕೊಡುಗೆ

ಈ ಕಥೆಯಲ್ಲಿ ನಾವು ನೆಲೆಸಿರುವ ದೇಶಕ್ಕೂ ಗೌರವದ ಪಾತ್ರವೊಂದಿದೆ. ಆ ದಿನಗಳಲ್ಲಿ ಅಮೆರಿಕವು ಬಲವಾದ ಗೂಢಲಿಪಿಯನ್ನು ಯುದ್ಧಸಾಮಗ್ರಿಯ ಸಾಲಿನಲ್ಲಿ ಸೇರಿಸಿ ಅದರ ರಫ್ತನ್ನು ನಿರ್ಬಂಧಿಸಿತ್ತು. ಕರ್ಬರಾಸ್‌ನ ಸಂಪೂರ್ಣ ರೂಪವನ್ನು ಹೊರದೇಶಗಳಿಗೆ ಕಳಿಸುವಂತಿರಲಿಲ್ಲ. ಆಗ ಗೂಢಲಿಪಿಯ ಭಾಗಗಳನ್ನೆಲ್ಲ ಕಿತ್ತು, ಉಳಿದುದನ್ನು "ಎಲುಬು" ಎಂಬರ್ಥದ ಬೋನ್ಸ್ ಎಂಬ ಹೆಸರಿನಲ್ಲಿ ಹೊರಬಿಟ್ಟರು. ಆಸ್ಟ್ರೇಲಿಯದ ಎರಿಕ್ ಯಂಗ್ ಎಂಬವರು ಆ ಎಲುಬಿಗೆ ಮತ್ತೆ ಮಾಂಸ ತುಂಬಿದರು. ಸ್ಟಾಕ್‌ಹೋಮಿನ ರಾಜ ತಾಂತ್ರಿಕ ಮಹಾವಿದ್ಯಾಲಯ, ಎಂದರೆ ಕೆ.ಟಿ.ಎಚ್., ಇದರ ಆಧಾರದ ಮೇಲೆ ಮೊದಲು ನಾಲ್ಕನೆಯ ಆವೃತ್ತಿಯನ್ನು ಬೆಳೆಸಿತು. ಆಮೇಲೆ 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಯೂಹಾನ್ ಡಾನಿಯೆಲ್ಸನ್, ಅಸ್ಸಾರ್ ವೆಸ್ಟರ್ಲುಂಡ್ ಮೊದಲಾದವರು ಐದನೆಯ ಆವೃತ್ತಿಯನ್ನು ಸ್ವತಂತ್ರವಾಗಿ ಬರೆದು, ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರು. ಅದಕ್ಕೆ ಹೈಮ್‌ದಾಲ್ ಎಂಬ ಹೆಸರು. ಉತ್ತರದ ನಾಡುಗಳ ಪುರಾಣದಲ್ಲಿ ದೇವಲೋಕದ ಕಾಮನಬಿಲ್ಲಿನ ಸೇತುವೆಯನ್ನು ಕಾಯುವವನು ಹೈಮ್‌ದಾಲ್. ಹುಲ್ಲು ಬೆಳೆಯುವ ಸದ್ದೂ ಅವನ ಕಿವಿಗೆ ಬೀಳುತ್ತಿತ್ತಂತೆ.

ಅಮೆರಿಕ 2000ದಲ್ಲಿ ರಫ್ತಿನ ನಿರ್ಬಂಧವನ್ನು ಬಹಳಮಟ್ಟಿಗೆ ಸಡಿಲಿಸಿತು. ಆದರೂ ಹೈಮ್‌ದಾಲ್ ಮೂಲೆಗೆ ಸೇರಲಿಲ್ಲ. ಆಪಲ್ ಕಂಪನಿಯು 2011ರಲ್ಲಿ ತನ್ನ ಮ್ಯಾಕ್ ಗಣಕಗಳ ವ್ಯವಸ್ಥೆಗೆ ಅದನ್ನು ಅಳವಡಿಸಿಕೊಂಡಿತು. 2012ರಲ್ಲಿ ಬಂದ ಸಾಂಬಾ ತಂತ್ರಾಂಶದ ನಾಲ್ಕನೆಯ ಆವೃತ್ತಿಯೂ ಅದನ್ನೇ ಒಳಗೊಂಡಿತು. ಒಂದು ದೇಶ ಬಾಗಿಲು ಹಾಕಿಕೊಂಡಾಗ ಇನ್ನೊಂದು ದೇಶದ ವಿದ್ಯಾಲಯ ಮಾಡಿಕೊಂಡ ಬೀಗವನ್ನು ಕೊನೆಗೆ ಆ ಮೊದಲಿನ ದೇಶದವರೇ ಬಳಸುವಂತಾಯಿತು.

ಸಂಸ್ಥೆಯ ಗಡಿ ದಾಟಿದಾಗ

ಒಂದೇ ಸಂಸ್ಥೆಯೊಳಗಿನ ಮಾತು ಇಷ್ಟಾಯಿತು. ಉಪ್ಸಾಲಾದಲ್ಲಿ ಓದುವ ಹುಡುಗಿ ಲುಂಡ್ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ಜಾಲ ಅವಳನ್ನು ಹೇಗೆ ನಂಬಬೇಕು? ಅವಳ ಪಾಸ್‌ವರ್ಡನ್ನು ಲುಂಡ್‌ನವರು ಕೇಳುವುದು ಸರಿಯಲ್ಲ. ಇದಕ್ಕೆ ಕಂಡುಕೊಂಡ ಮಾರ್ಗ ಸಂಸ್ಥೆಗಳ ಒಕ್ಕೂಟ. ಲುಂಡ್‌ನ ಜಾಲವು ಪ್ರಶ್ನೆಯನ್ನು ಉಪ್ಸಾಲಾಕ್ಕೆ ದಾಟಿಸುತ್ತದೆ; ಉಪ್ಸಾಲಾ ಪರೀಕ್ಷಿಸಿ "ಹೌದು, ನಮ್ಮವಳೇ" ಎಂದು ಮೊಹರು ಹಾಕಿದ ಉತ್ತರ ಕಳಿಸುತ್ತದೆ. ಎಡುರೋಮ್ ಎಂಬ ನಿಸ್ತಂತು ಜಾಲ ನಡೆಯುವುದು ಹೀಗೆಯೇ. ಭಾರತವೂ ಅದರಲ್ಲಿ ಸೇರಿದೆ. ಸ್ವೀಡನ್ನಿನ ಉಚ್ಚ ಶಿಕ್ಷಣ ಸಂಸ್ಥೆಗಳು ಸ್ವಾಮಿಡ್ ಎಂಬ ಒಕ್ಕೂಟದ ಮೂಲಕ ಪರಸ್ಪರ ಪ್ರಮಾಣಗಳನ್ನು ನಂಬುತ್ತವೆ. ಇಂಥ ಪ್ರಮಾಣಗಳನ್ನು ಬರೆಯುವ ಭಾಷೆಗಳಲ್ಲೊಂದು ಸ್ಯಾಮಲ್. ಅದರ ಎರಡನೆಯ ಆವೃತ್ತಿ ಮಾನಕವಾದುದು 2005ರಲ್ಲಿ. ಹಿಂದೆ ಊರಿನ ಹಿರಿಯರ ಕಾಗದವನ್ನು ಹಿಡಿದು ಬೆಂಗಳೂರಿನ ವಿದ್ಯಾರ್ಥಿನಿಲಯಕ್ಕೆ ಸೇರುತ್ತಿದ್ದ ಹಾಗೆ, ಪರವೂರಿನವರು ನಂಬುವುದು ಬಂದವನ ಮಾತನ್ನಲ್ಲ, ಕಾಗದ ಬರೆದವರ ಮಾತನ್ನು.

ಆಸ್ಪತ್ರೆಯ ಕಾರ್ಡು ಮತ್ತು ಕಾನೂನು

ಸ್ವೀಡನ್ನಿನ ಆರೋಗ್ಯ ಸೇವೆಯಲ್ಲಿ ವೈದ್ಯರೂ ದಾದಿಯರೂ ಬಳಸುವ ಕಾರ್ಡಿಗೆ ಸಿಥ್ಸ್ ಎಂದು ಹೆಸರು. ಕಾರ್ಡಿನೊಳಗಿನ ಚಿಪ್ಪು ಮತ್ತು ನೆನಪಿನಲ್ಲಿರುವ ಸಂಕೇತ, ಇವೆರಡೂ ಸೇರಿದರೆ ಪ್ರವೇಶ. ಯಾರು ಯಾವ ವಿಭಾಗದಲ್ಲಿ ಯಾವ ಹೊಣೆ ಹೊತ್ತಿದ್ದಾರೆಂಬುದು ಬೇರೊಂದು ರಾಷ್ಟ್ರೀಯ ಸೂಚಿಯಲ್ಲಿರುತ್ತದೆ. ಹೀಗೆ ಸಾಕ್ಷಿ ಮತ್ತು ಅಧಿಕಾರವನ್ನು ಬೇರೆಬೇರೆಯಾಗಿ ಇರಿಸಿದ್ದಾರೆ.

ಯಂತ್ರ ಬಾಗಿಲು ತೆರೆಯಿತೆಂದ ಮಾತ್ರಕ್ಕೆ ಒಳಗೆ ಹೋಗುವ ಹಕ್ಕು ಬಂದಿತೆಂದಲ್ಲ. 2008ರ ಜುಲೈ 1ರಿಂದ ಜಾರಿಯಲ್ಲಿರುವ ರೋಗಿಗಳ ಮಾಹಿತಿ ಕಾಯಿದೆಯ ಪ್ರಕಾರ, ರೋಗಿಯ ಆರೈಕೆಯಲ್ಲಿ ಭಾಗಿಯಾದವರು ಅಥವಾ ಆರೋಗ್ಯ ಸೇವೆಯ ತಮ್ಮ ಕೆಲಸಕ್ಕೆ ಬೇರೆ ಕಾರಣದಿಂದ ಆ ಮಾಹಿತಿ ಬೇಕಾದವರು ಮಾತ್ರ ದಾಖಲೆಯನ್ನು ತೆರೆಯಬಹುದು. ತೆರೆದ ಪ್ರತಿಯೊಂದು ಸಂದರ್ಭವೂ ದಾಖಲಾಗುತ್ತದೆ; ಅದನ್ನು ಆಸ್ಪತ್ರೆ ತಪಾಸಣೆ ಮಾಡಬೇಕು; ರೋಗಿಯು ಕೇಳಿದರೆ ತಿಳಿಸಲೂಬೇಕು. ಅನಧಿಕಾರದ ಇಣುಕುನೋಟ ಅಪರಾಧ.

ಈ ಮಾತನ್ನು ನಮ್ಮ ಸಮುದಾಯದ ಮುಂದೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಯುಗಾದಿಯ ಊಟದಲ್ಲೋ ರಾಜ್ಯೋತ್ಸವದ ಸಭೆಯಲ್ಲೋ ಆತ್ಮೀಯರು ವೈದ್ಯರ ಬಳಿ ಬಂದು, "ನನ್ನ ರಿಪೋರ್ಟು ಬಂದಿದೆಯೇ, ಸ್ವಲ್ಪ ನೋಡಿ ಹೇಳಿ" ಎನ್ನುವುದುಂಟು. ಕೇಳುವವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಅವರ ಚಿಕಿತ್ಸೆಯಲ್ಲಿ ಭಾಗಿಯಲ್ಲದ ವೈದ್ಯರು ತಮ್ಮ ವೃತ್ತಿಯ ಕಾರ್ಡಿನಿಂದ ಆ ದಾಖಲೆಯನ್ನು ತೆರೆಯುವಂತಿಲ್ಲ. ಸ್ವಂತ ಮಕ್ಕಳ ದಾಖಲೆಗೂ ಇದೇ ನಿಯಮ. ನಿರಾಕರಿಸಿದ ವೈದ್ಯರನ್ನು ಬಿಗುಮಾನದವರೆಂದು ತಿಳಿಯಬಾರದು. ತಮ್ಮ ದಾಖಲೆಯನ್ನು 1177 ಸೇವೆಯ ಮೂಲಕ ತಾವೇ ತೆರೆದು ಪರದೆಯ ಮೇಲೆ ತೋರಿಸಿದರೆ, ಓದಿ ಅರ್ಥ ಹೇಳಲು ವೈದ್ಯಮಿತ್ರರಿಗೆ ಯಾವ ಅಡ್ಡಿಯೂ ಇಲ್ಲ.

ಮನೆಯ ಕೀಲಿಕೈ

1177ಕ್ಕೆ ತಾವು ಪ್ರವೇಶಿಸುವುದು ಬಹುಮಟ್ಟಿಗೆ ಬ್ಯಾಂಕ್ ಐಡಿಯಿಂದ. ಸ್ವೀಡನ್ನಿನ ಬ್ಯಾಂಕುಗಳು ಕೂಡಿ 2003ರಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ಇಂದು 80 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಾರೆ. ದೇಶದ ಜನಸಂಖ್ಯೆಯೇ ಒಂದು ಕೋಟಿ ಆರು ಲಕ್ಷದಷ್ಟು. ಹೊಸದಾಗಿ ಬಂದವರು ಮೊದಲು ತೆರಿಗೆ ಇಲಾಖೆಯಿಂದ ವ್ಯಕ್ತಿಸಂಖ್ಯೆ, ಆಮೇಲೆ ಗುರುತಿನ ಕಾರ್ಡು, ಆಮೇಲೆ ಬ್ಯಾಂಕಿನ ಖಾತೆ, ಕೊನೆಗೆ ಬ್ಯಾಂಕ್ ಐಡಿ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ಕಿರಿಕಿರಿಯೆನಿಸಿದರೂ, ಒಂದೊಂದು ಮೆಟ್ಟಿಲೂ ಹಿಂದಿನದರ ಸಾಕ್ಷಿಯ ಮೇಲೆ ನಿಂತಿರುವುದರಿಂದಲೇ ಆ ಕೀಲಿಕೈಗೆ ಬೆಲೆ ಬಂದಿದೆ.

ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಕರ್ಬರಾಸ್‌ನಂತೆ ದಿನಕ್ಕೊಮ್ಮೆ ಪ್ರವೇಶಿಸಿ ಎಲ್ಲೆಡೆ ಸಂಚರಿಸುವ ಏರ್ಪಾಡಲ್ಲ. ಪ್ರತಿ ಬಾಗಿಲಲ್ಲೂ ಮತ್ತೆ ಕೀಲಿ ತಿರುಗಿಸಬೇಕು. ಆದರೆ ಕೀಲಿ ಒಂದೇ, ತತ್ತ್ವವೂ ಒಂದೇ. ಗುಟ್ಟಿನ ಕೀಲಿ ತಮ್ಮ ದೂರವಾಣಿಯೊಳಗೇ ಉಳಿಯುತ್ತದೆ. ತಾವು ಒತ್ತುವ ಸಂಕೇತ ಅದನ್ನು ಎಬ್ಬಿಸುತ್ತದೆ, ಅದು ಒಂದು ಸಹಿ ಹಾಕುತ್ತದೆ, ಹೊರಗೆ ಹೋಗುವುದು ಆ ಸಹಿ ಮಾತ್ರ. ಈ ಬೀಗವನ್ನು ಗಣಿತದಿಂದ ಮುರಿಯುವುದು ಅತ್ಯಂತ ಕಷ್ಟ. ಆದ್ದರಿಂದ ವಂಚಕರು ಬೀಗವನ್ನು ಬಿಟ್ಟು ಬೀಗದ ಒಡೆಯರ ಕಡೆ ತಿರುಗಿದ್ದಾರೆ.

ವಂಚನೆಯ ಕ್ರಮ ಹೀಗಿದೆ. ವಂಚಕನು ತನ್ನ ಗಣಕದಲ್ಲಿ ಬ್ಯಾಂಕಿನ ಬಾಗಿಲಿಗೆ ಬಂದು ತಮ್ಮ ಹೆಸರಿನಲ್ಲಿ ಪ್ರವೇಶ ಕೋರುತ್ತಾನೆ. ಅದೇ ಕ್ಷಣದಲ್ಲಿ ತಮಗೆ ಕರೆ ಮಾಡಿ, "ನಿಮ್ಮ ಖಾತೆಯಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ತಡೆಯಲು ಬ್ಯಾಂಕ್ ಐಡಿ ಒತ್ತಿ" ಎನ್ನುತ್ತಾನೆ. ತಾವು ಒತ್ತುತ್ತೀರಿ. ಕೀಲಿ ತಿರುಗಿಸಿದವರು ತಾವು. ತೆರೆದದ್ದು ಅವನು ಕಾಯುತ್ತಿದ್ದ ಬಾಗಿಲು. ಕೀಲಿಯೂ ಸಾಚಾ, ಸಹಿಯೂ ಸಾಚಾ. ಪರಸ್ಪರ ದೃಢೀಕರಣ ಎಂದು ಮೇಲೆ ಹೇಳಿದೆವಲ್ಲ, ಇಲ್ಲಿ ತಪ್ಪಿಹೋದದ್ದು ಅದು. ತಾವು ಯಾರೆಂದು ತಾವು ಸಾಬೀತುಪಡಿಸಿದಿರಿ. ಕರೆದವನು ಯಾರೆಂದು ಅವನು ಸಾಬೀತುಪಡಿಸಲಿಲ್ಲ.

ಇದನ್ನು ತಡೆಯಲೆಂದೇ ಗಣಕದ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬದಲಾಗುವ ಚೌಕುಳಿಯ ಚಿತ್ರವನ್ನು ದೂರವಾಣಿಯಿಂದ ಓದಿಸುವ ಕ್ರಮವನ್ನು ತಂದು, 2024ರಲ್ಲಿ ಅದನ್ನು ಕಡ್ಡಾಯಗೊಳಿಸಿದರು. ಪರದೆಯೂ ದೂರವಾಣಿಯೂ ಒಂದೇ ಕಡೆ ಇವೆಯೆಂದು ಖಾತ್ರಿ ಮಾಡಿಕೊಳ್ಳುವುದು ಇದರ ಉದ್ದೇಶ. ಇದರಿಂದ ಪ್ರಯೋಜನವಿದೆ. ಆದರೆ ಮಾತಿಗೆ ಮರುಳಾಗುವ ಮನಸ್ಸಿಗೆ ಯಾವ ಚಿತ್ರವೂ ಪೂರ್ಣ ರಕ್ಷೆಯಾಗಲಾರದು.

ಮನೆಯಲ್ಲಿ ಪಾಲಿಸಬೇಕಾದ ಪಥ್ಯ

ವೈದ್ಯರಾದ ನಾವು ಪಥ್ಯ ಹೇಳದೆ ಮುಗಿಸುವುದು ವಾಡಿಕೆಯಲ್ಲ.

ಮೊದಲನೆಯದು: ತಮಗೆ ಕರೆ ಮಾಡಿದವರ ಮಾತಿನ ಮೇಲೆ ಬ್ಯಾಂಕ್ ಐಡಿಯನ್ನು ಎಂದೂ ಬಳಸಬಾರದು. ಬ್ಯಾಂಕು, ಪೊಲೀಸ್, ಆಸ್ಪತ್ರೆ ಯಾವ ಹೆಸರನ್ನು ಹೇಳಿದರೂ ಸರಿಯೇ. ಕರೆಯನ್ನು ಕತ್ತರಿಸಿ, ತಾವು ಬಲ್ಲ ಸಂಖ್ಯೆಗೆ ತಾವೇ ಕರೆ ಮಾಡಬೇಕು. ಸೀತೆಯ ಶಂಕೆ ಅವಿನಯವಾಗಿರಲಿಲ್ಲ. ಹಾಗೆಯೇ ಇದೂ ಅವಿನಯವಲ್ಲ.

ಎರಡನೆಯದು: ಸಂಕೇತ ಒತ್ತುವ ಮೊದಲು ದೂರವಾಣಿಯ ಪರದೆಯ ಮೇಲಿನ ಬರಹವನ್ನು ಓದಬೇಕು. ಯಾರು ಕೇಳುತ್ತಿದ್ದಾರೆ, ಕೇವಲ ಪ್ರವೇಶಕ್ಕೋ ಅಥವಾ ಹಣ ಕಳಿಸುವ ಸಹಿಗೋ ಎಂಬುದು ಅಲ್ಲಿರುತ್ತದೆ. ಸ್ವೀಡಿಷ್ ಓದಲು ಬಾರದ ಹಿರಿಯರಿಗೆ ಆ ನಾಲ್ಕಾರು ಪದಗಳನ್ನು ಮಕ್ಕಳು ಕಲಿಸಿಕೊಡುವುದು ಒಳ್ಳೆಯದು.

ಮೂರನೆಯದು: ಒಬ್ಬರ ಕೀಲಿಯನ್ನು ಇನ್ನೊಬ್ಬರು ತಿರುಗಿಸಬಾರದು. ನಮ್ಮ ಮನೆಗಳಲ್ಲಿ ಪತಿಯೇ ಪತ್ನಿಯ ಬ್ಯಾಂಕ್ ಐಡಿಯನ್ನೂ ನಿರ್ವಹಿಸುವ, ಮಗನೇ ತಾಯಿಯ ಸಂಕೇತವನ್ನು ಒತ್ತುವ ರೂಢಿ ಕಾಣುತ್ತದೆ. ಪ್ರೀತಿಯಿಂದ ಮಾಡಿದರೂ ಅದು ಆ ಸಹಿಯ ಅರ್ಥವನ್ನೇ ಅಳಿಸುತ್ತದೆ. ನಿರ್ವಹಿಸುತ್ತಿದ್ದವರು ಆಸ್ಪತ್ರೆ ಸೇರಿದ ದಿನ ಉಳಿದವರಿಗೆ ತಮ್ಮ ಖಾತೆಯನ್ನು ತೆರೆಯಲೂ ತಿಳಿದಿರುವುದಿಲ್ಲ. ಬೇರೆಯವರ ಪರವಾಗಿ ವ್ಯವಹರಿಸಬೇಕಾದರೆ ಅಧಿಕಾರಪತ್ರವೆಂಬ ನೇರದಾರಿ ಇದೆ. ಮುಂದೆ ಕಾಯಿಲೆಯಿಂದ ನಿರ್ಧಾರ ಮಾಡಲಾಗದ ಸ್ಥಿತಿ ಬಂದಾಗ ಊರ್ಜಿತವಾಗುವ ಅಧಿಕಾರಪತ್ರಕ್ಕೂ 2017ರ ಜುಲೈ 1ರಿಂದ ಇಲ್ಲಿ ಕಾನೂನಿನ ಮಾನ್ಯತೆ ಇದೆ. ಅದನ್ನು ಆರೋಗ್ಯವಾಗಿರುವಾಗಲೇ ಬರೆದಿಡಬೇಕು. ಮರೆವಿನ ಕಾಯಿಲೆಯವರನ್ನು ನೋಡಿರುವ ನಾವು ಇದನ್ನು ಅನುಭವದಿಂದ ಹೇಳುತ್ತಿದ್ದೇವೆ.

ನಾಲ್ಕನೆಯದು: ಮೋಸ ನಡೆದಿದೆಯೆಂದು ತಿಳಿದೊಡನೆ ನಾಚಿಕೆಯಿಂದ ಮುಚ್ಚಿಡದೆ, ಬ್ಯಾಂಕಿಗೆ ತಿಳಿಸಿ ಕೀಲಿಯನ್ನು ರದ್ದುಮಾಡಿಸಿ, 114 14ಕ್ಕೆ ಕರೆ ಮಾಡಿ ಪೊಲೀಸರಲ್ಲಿ ದೂರು ಕೊಡಬೇಕು. ಗ್ರಾಹಕರು ಕೀಲಿಯನ್ನು ಸರಿಯಾಗಿ ಕಾಪಾಡದಿದ್ದಲ್ಲಿ ಅವರು ಹೊರಬೇಕಾದ ನಷ್ಟಕ್ಕೆ ಸ್ವೀಡನ್ನಿನ ಕಾನೂನು ಹಂತಗಳನ್ನು ಗೊತ್ತುಪಡಿಸಿದೆ: ಸಾಮಾನ್ಯವಾಗಿ 400 ಕ್ರೋನರ್‌ವರೆಗೆ, ಘೋರ ನಿರ್ಲಕ್ಷ್ಯವಿದ್ದರೆ 12,000 ಕ್ರೋನರ್‌ವರೆಗೆ, ವಿಶೇಷವಾಗಿ ಖಂಡನೀಯವೆನಿಸಿದರೆ ಪೂರ್ತಿ ಮೊತ್ತ. ತಿಳಿದ ಮೇಲೂ ತಡಮಾಡುವುದು ಗ್ರಾಹಕರಿಗೆ ಪ್ರತಿಕೂಲ.

ಐದನೆಯದು ಊರಿನಲ್ಲಿರುವ ತಂದೆತಾಯಿಯರ ಬಗ್ಗೆ. ಕರ್ನಾಟಕದಲ್ಲಿಯೂ ಒಂದು ಬಾರಿಯ ಸಂಕೇತವನ್ನು ಕೇಳಿ ಪಡೆಯುವ, ಪೊಲೀಸರ ವೇಷದಲ್ಲಿ ವೀಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಬೆದರಿಸುವ ವಂಚನೆಗಳು ನಡೆಯುತ್ತಿವೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಅಲ್ಲಿ ದೂರು ಕೊಡುವ ಸಂಖ್ಯೆ 1930. ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರ ಬಳಿ, ಗದರಿಸುವ ಆ ಹೊತ್ತಿನಲ್ಲಿ ಸಲಹೆ ಕೇಳಲು ಯಾರೂ ಇರುವುದಿಲ್ಲ. ಈ ವಾರದ ಕರೆಯಲ್ಲಿ ಐದು ನಿಮಿಷ ಇದಕ್ಕೆಂದು ಮೀಸಲಿಡಬೇಕೆಂದು ನಮ್ಮ ಪ್ರಾರ್ಥನೆ.

ಉಪಸಂಹಾರ

ಏಕಪ್ರವೇಶ ಪದ್ಧತಿಯಿಂದ ಸೌಕರ್ಯ ಹೆಚ್ಚಿದೆ, ಪಾಸ್‌ವರ್ಡುಗಳ ಕಾಯಿಲೆ ಬಹುಮಟ್ಟಿಗೆ ಶಮನವಾಗಿದೆ. ಇಪ್ಪತ್ತು ದುರ್ಬಲ ಬೀಗಗಳಿಗಿಂತ ಒಂದು ಬಲವಾದ ಬೀಗ ಮೇಲೆಂಬುದರಲ್ಲಿ ಸಂದೇಹವಿಲ್ಲ. ಅದರ ಬೆಲೆಯೆಂದರೆ, ನಂಬಿಕೆಯೆಲ್ಲ ಒಂದೇ ಕಡೆ ಬಂದು ಸೇರುತ್ತದೆ. ಕರ್ಬರಾಸ್‌ನ ಕೇಂದ್ರ ಗಣಕ ಕೈತಪ್ಪಿದರೆ ಇಡೀ ಜಾಲವೇ ಕೈತಪ್ಪುವಂತೆ, ಮನೆಯ ಒಂದು ಕೀಲಿ ಅನ್ಯರಿಗೆ ತಿರುಗಿದರೆ ಮನೆಯೆಲ್ಲ ತೆರೆದುಕೊಳ್ಳುತ್ತದೆ. ಆ ವ್ಯವಸ್ಥೆಯನ್ನು ಕಟ್ಟಿದವರು ಅದಕ್ಕೆ ಮೂರು ಕಟ್ಟುಗಳನ್ನು ಹಾಕಿದರು: ಗುಟ್ಟು ಹೊರಗೆ ಹೋಗಬಾರದು, ಚೀಟಿ ಗೊತ್ತಾದ ಬಾಗಿಲಿಗೆ, ಗೊತ್ತಾದ ಕಾಲಕ್ಕೆ ಮಾತ್ರ ಸಲ್ಲಬೇಕು, ಎದುರಿನವನೂ ತನ್ನ ಗುರುತನ್ನು ತೋರಿಸಬೇಕು. ಮೊದಲೆರಡನ್ನು ಯಂತ್ರಗಳು ಚೆನ್ನಾಗಿ ನಿರ್ವಹಿಸುತ್ತವೆ. ಮೂರನೆಯದು, ದೂರವಾಣಿ ಮೊಳಗಿದಾಗ, ಅದನ್ನು ಎತ್ತಿಕೊಂಡವರ ಪಾಲಿಗೆ ಬರುತ್ತದೆ.